ಸಹಜ ಮಾರಕ ಕೋಶ

ಮುಂಚಿನ ಪರಿಚಯವಿಲ್ಲದೆಯೇ ವೈರಸ್ ಹೊಕ್ಕ ಇಲ್ಲವೆ ಕ್ಯಾನ್ಸರಿಗೆ ತಿರುಗಿದ ಜೀವಕೋಶಗಳನ್ನು ಕೊಲ್ಲಬಲ್ಲ ಲಿಂಫೊಸೈಟ್. ಎನ್‌ಕೆ ಕೋಶವೆಂದೇ ಹೆಚ್ಚು ಬಳಕೆ. ಮನುಷ್ಯರ ರಕ್ತದ ಲಿಂಫೊಸೈಟ್‌ಗಳಲ್ಲಿ ಇದರ ಪಾಲು ಸುಮಾರು ಶೇ. 5ರಿಂದ 15. ಸೂಕ್ಷ್ಮದರ್ಶಕದಲ್ಲಿ ಇದರೊಳಗೆ ಕಾಣುವ ಕಣಗಳಲ್ಲಿ ಪರ್ಫೊರಿನ್, ಗ್ರಾನ್‌ಜೈಮ್ ಎಂಬ ಮಾರಕ ಪ್ರೋಟೀನುಗಳಿರುತ್ತವೆ.

ಇತಿಹಾಸ

ಇದು ಮೊದಲು ಕಾಣಿಸಿಕೊಂಡದ್ದು ಪ್ರಯೋಗದ ಲೋಪವಾಗಿ. ಟಿ ಕೋಶಗಳೆಂಬ ಬೇರೊಂದು ಬಗೆಯ ಲಿಂಫೊಸೈಟ್‌ಗಳ ಕೊಲ್ಲುವ ಶಕ್ತಿಯನ್ನು ಅಳೆಯಲು, ಗಡ್ಡೆಯ ಕೋಶಗಳಿಗೆ ವಿಕಿರಣಶೀಲ ಕ್ರೋಮಿಯಂ-51 ಹೀರಿಸಿ, ಇಲಿಯ ಗುಲ್ಮದ ಕೋಶಗಳೊಡನೆ ಬೆರೆಸಿ, ಕೆಲವು ಗಂಟೆಗಳ ಮೇಲೆ ತಿಳಿಯನ್ನು ಬಸಿದು ವಿಕಿರಣ ಎಣಿಸುತ್ತಿದ್ದರು. ಕೋಶ ಒಡೆದಷ್ಟೂ ಕ್ರೋಮಿಯಂ ಹೊರಕ್ಕೆ. ಆ ಗಡ್ಡೆಯನ್ನೇ ಕಾಣದ ಇಲಿಗಳಲ್ಲಿ ಎಣಿಕೆ ಏರಬಾರದಿತ್ತು, ಏರುತ್ತಿತ್ತು. 1975ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯ ರಾಲ್ಫ್ ಕೀಸ್ಲಿಂಗ್, ಎವಾ ಕ್ಲೈನ್, ಹಾನ್ಸ್ ವಿಗ್ಸೆಲ್, ಮತ್ತು ಬೇರೆಯಾಗಿ ಅಮೆರಿಕದ ರೊನಾಲ್ಡ್ ಹರ್ಬರ್‌ಮನ್ ತಂಡ, ಇದು ಟಿ ಕೋಶದ ಕೆಲಸವಲ್ಲವೆಂದು ವರದಿ ಮಾಡಿದರು.

ಎನ್‌ಕೆ ಕೋಶ ಏನನ್ನು ನೋಡಿ ಕೊಲ್ಲುತ್ತದೆಂಬುದಕ್ಕೆ ದಾರಿ ತೋರಿದ್ದು ಕ್ಲಾಸ್ ಕಾರೆ ತಂಡದ 1986ರ ಪ್ರಯೋಗ. ಒಂದೇ ಮೂಲದ ಎರಡು ಗಡ್ಡೆಕೋಶಗಳಲ್ಲಿ ಒಂದು ತನ್ನ ಮೈಮೇಲಿನ ಒಂದನೇ ವರ್ಗದ ಎಂಎಚ್‌ಸಿ ಪ್ರೋಟೀನನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು. ಪ್ರೋಟೀನ್ ಉಳಿದ ಗಡ್ಡೆ ಇಲಿಯಲ್ಲಿ ಬೆಳೆಯಿತು. ಕಳೆದುಕೊಂಡದ್ದನ್ನು ಇಲಿಯ ದೇಹ ಅಳಿಸಿಹಾಕಿತು. ಟಿ ಕೋಶ ಹೊರಗಿನದು ಇದೆಯೇ ಎಂದು ಹುಡುಕಿದರೆ, ಎನ್‌ಕೆ ಕೋಶ ತನ್ನದೆಂಬ ಗುರುತು ಇಲ್ಲವೇ ಎಂದು ನೋಡುತ್ತದೆ. ಅಷ್ಟೇ ಸಾಲದೆಂದು ಮುಂದೆ ತಿಳಿಯಿತು: ಕೊಲ್ಲಲು ಪ್ರಚೋದಿಸುವ ಸಂಕೇತವೂ ಬೇಕು. ಎಂಎಚ್‌ಸಿ ಬಹುತೇಕ ಇಲ್ಲದ ಕೆಂಪು ರಕ್ತಕಣಗಳು ಹಾಗಾಗಿಯೇ ಬದುಕಿಕೊಂಡಿವೆ.

ಬೆಳವಣಿಗೆ

ಹುಟ್ಟು ಅಸ್ಥಿಮಜ್ಜೆಯ ಆಕರಕೋಶದಿಂದ. ಟಿ, ಬಿ ಕೋಶಗಳಿಗೂ ಮೂಲವಾದ ಪೂರ್ವಜಕೋಶವೊಂದು ಸಿಡಿ122 ಎಂಬ ಗ್ರಾಹಕವನ್ನು ತೊಟ್ಟಾಗ ಐಎಲ್-15 ಸಂಕೇತಕ್ಕೆ ಓಗೊಡುತ್ತದೆ; ಅದಿಲ್ಲದೆ ಮುಂದಿನ ದಾರಿಯಿಲ್ಲ. ಕಾಯಿಲೆಗಳೇ ಇದಕ್ಕೆ ಸಾಕ್ಷಿ. ಐಎಲ್-15ರ ಗ್ರಾಹಕಕ್ಕೂ ಬೇಕಾದ ಗಾಮಾ ಸರಪಳಿ ಎಂಬ ಪ್ರೋಟೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಲ್ಲಿ ಟಿ ಕೋಶಗಳ ಜೊತೆಗೆ ಎನ್‌ಕೆ ಕೋಶಗಳೂ ಇರುವುದಿಲ್ಲ. ಟಿ, ಬಿ ಕೋಶಗಳ ಗ್ರಾಹಕದ ವಂಶವಾಹಿಗಳನ್ನು ಕತ್ತರಿಸಿ ಜೋಡಿಸುವ ರ‍್ಯಾಗ್ ಕಿಣ್ವ ಕೆಟ್ಟಾಗ ಟಿ, ಬಿ ಎರಡೂ ಇಲ್ಲವಾಗಿ ಎನ್‌ಕೆ ಮಾತ್ರ ಉಳಿಯುತ್ತದೆ. ಮನುಷ್ಯರಲ್ಲಿ ದುಗ್ಧಗ್ರಂಥಿ, ಟಾನ್ಸಿಲ್‌ಗಳಲ್ಲೂ ಬೆಳವಣಿಗೆ ನಡೆಯುತ್ತದೆ. ಮೈಮೇಲೆ ಸಿಡಿ56 ಎಂಬ ಪ್ರೋಟೀನ್ ಹೆಚ್ಚಿರುವ ಕೋಶ ಮಾಗಿ, ಸಿಡಿ56 ಕಡಿಮೆಯಾಗಿ ಸಿಡಿ16 ಇರುವ ಕೋಶವಾಗುತ್ತದೆಂಬುದು ಪ್ರಚಲಿತ ಅಭಿಪ್ರಾಯ. ರಕ್ತದಲ್ಲಿ ಎರಡನೆಯ ಬಗೆ ಸುಮಾರು ಶೇ. 90.

ಬಂಧುಕೋಶಗಳು

ಎನ್‌ಕೆಟಿ ಕೋಶ ಹೆಸರಿನಲ್ಲಿ ಹತ್ತಿರವಾದರೂ ಬೇರೆ; ಥೈಮಸ್‌ನಲ್ಲಿ ಬೆಳೆದು ಸಿಡಿ1ಡಿ ಎಂಬ ಪ್ರೋಟೀನಿನ ಮೇಲಿನ ಕೊಬ್ಬಿನಂಶವನ್ನು ಗುರುತಿಸುವ ಟಿ ಕೋಶವದು. ನಿಜವಾದ ತೊಡಕು ಐಎಲ್‌ಸಿ1 ಎಂಬ ಸಹಜ ಲಿಂಫಾಯ್ಡ್ ಕೋಶದ ಜೊತೆಗಿನದು. ಎರಡರಲ್ಲೂ ಟಿ-ಬೆಟ್ ಎಂಬ ವಂಶವಾಹಿ ನಿಯಂತ್ರಕ ಪ್ರೋಟೀನ್ ಇರುತ್ತದೆ, ಎರಡೂ ಇಂಟರ್‌ಫೆರಾನ್-ಗಾಮಾ ಸ್ರವಿಸುತ್ತವೆ. ಇಲಿಯಲ್ಲಿ ಇಯೋಮ್ಸ್ ಎಂಬ ಅಂಥದೇ ಇನ್ನೊಂದು ಪ್ರೋಟೀನ್ ಇದ್ದರೆ ಎನ್‌ಕೆ, ಇಲ್ಲದಿದ್ದರೆ ಅಂಗಾಂಶದಲ್ಲೇ ನೆಲೆಸುವ ಐಎಲ್‌ಸಿ1 ಎಂದು ವಿಂಗಡಿಸುವುದುಂಟು. ಮನುಷ್ಯರಲ್ಲಿ ಆ ಗೆರೆ ಮಸುಕು: ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ಒಳಪದರದ ಬಿಳಿರಕ್ತಕಣಗಳಲ್ಲಿ ಸುಮಾರು ಶೇ. 70ರಷ್ಟಿದ್ದು ಅಲ್ಲೇ ನೆಲೆಸುವ ಎನ್‌ಕೆ ಕೋಶಗಳು ಕೊಲ್ಲುವುದು ಅಪರೂಪ, ಮಾಸುಚೀಲಕ್ಕೆ ರಕ್ತ ಹರಿಸುವ ನಾಳಗಳನ್ನು ಹಿಗ್ಗಿಸಲು ನೆರವಾಗುತ್ತವೆ.