ಮೆಟಾಫಿಲ್ಟರ್

ಹಲವರು ಸೇರಿ ನಡೆಸುವ ಬ್ಲಾಗಿನ ರೂಪದಲ್ಲಿರುವ ಅಮೆರಿಕದ ಅಂತರ್ಜಾಲ ಸಮುದಾಯ. ಮ್ಯಾಟ್ ಹೌಯಿ 1999ರಲ್ಲಿ ಆರಂಭಿಸಿದರು. ಜಾಲದಲ್ಲಿ ಕಂಡ ಒಳ್ಳೆಯ ಪುಟದ ಕೊಂಡಿಯನ್ನು ಸದಸ್ಯರೊಬ್ಬರು ಮುಂದಿಡುತ್ತಾರೆ, ಉಳಿದವರು ಅದರ ಕೆಳಗೆ ಚರ್ಚಿಸುತ್ತಾರೆ.

ಈ ಸಮುದಾಯ ಗಮನ ಸೆಳೆಯುವುದು ಮುಖ್ಯವಾಗಿ ಅದರ ನಿರ್ವಹಣೆಯಿಂದ. ಮುಖಪುಟದಲ್ಲಿ ಯಾರೂ ತಮ್ಮದೇ ಬರಹಕ್ಕೆ ಕೊಂಡಿ ಹಾಕುವಂತಿಲ್ಲ; ಹಾಕಿದವರನ್ನು ಹೊರಗಿಡಲಾಗುತ್ತದೆ. ಬ್ಲಾಗಿಗರೇ ತುಂಬಿದ್ದ ಕೂಟಕ್ಕೆ ಇದು ಕಠಿಣ ಕಟ್ಟುಪಾಡು. ಆದರೂ ಮುಖಪುಟ ಸ್ವಂತ ಪ್ರಚಾರದ ಜಾಗವಾಗದೆ ಉಳಿದದ್ದು ಇದರಿಂದಲೇ. ಸ್ವಂತ ಕೆಲಸವನ್ನು ತೋರಿಸಿಕೊಳ್ಳಲು ‘ಪ್ರಾಜೆಕ್ಟ್ಸ್’ ಎಂಬ ಬೇರೆ ವಿಭಾಗವಿದೆ. 2004ರಲ್ಲಿ ಸದಸ್ಯರಾಗಲು ಒಮ್ಮೆ ಮಾತ್ರ ಕೊಡಬೇಕಾದ 5 ಡಾಲರ್ ಶುಲ್ಕ ಬಂತು. ಮೊತ್ತ ಚಿಕ್ಕದು, ಆದರೆ ಹೊರಹಾಕಿಸಿಕೊಂಡವರು ಮತ್ತೆ ಮತ್ತೆ ಹೊಸ ಹೆಸರಿನಲ್ಲಿ ಬರುವುದಕ್ಕೆ ಅದೇ ಅಡ್ಡಿ.

ನಿರ್ವಾಹಕರು ಸಂಬಳ ಪಡೆದು ದುಡಿಯುವವರು. ಜಗಳ ಹಚ್ಚುವ ಮಾತುಗಳನ್ನು ಅವರು ಅಳಿಸುತ್ತಾರೆ. ಆ ತೀರ್ಮಾನವನ್ನು ‘ಮೆಟಾಟಾಕ್’ ವಿಭಾಗದಲ್ಲಿ ಯಾವ ಸದಸ್ಯರಾದರೂ ಎಲ್ಲರೆದುರು ಪ್ರಶ್ನಿಸಬಹುದು, ನಿರ್ವಾಹಕರು ಅಲ್ಲೇ ಉತ್ತರಿಸುತ್ತಾರೆ. ಅಧಿಕಾರವನ್ನು ಹೀಗೆ ಬಹಿರಂಗ ವಿಚಾರಣೆಗೆ ಒಡ್ಡುವುದು ದಣಿಸುವ ಕೆಲಸ. ಸದಸ್ಯರ ನಂಬಿಕೆ ಬೆಳೆಯುವುದೂ ಅಲ್ಲಿಯೇ.

ಗೂಗಲ್ ಹುಡುಕಾಟದಿಂದ ಬರುತ್ತಿದ್ದ ಓದುಗರು ಕಡಿಮೆಯಾಗಿ ಜಾಹೀರಾತು ಆದಾಯ ಕುಸಿದಾಗ, 2014ರಲ್ಲಿ ಕೆಲವು ನಿರ್ವಾಹಕರನ್ನು ಕೈಬಿಡಬೇಕಾಯಿತು. ಆಗ ಸದಸ್ಯರು ದೇಣಿಗೆ ಕೊಡತೊಡಗಿದರು. ಹೌಯಿ ಅವರ ನಂತರ ಜಾಶ್ ಮಿಲರ್ಡ್, 2022ರಲ್ಲಿ ಗ್ರಂಥಪಾಲಕಿ ಜೆಸಮಿನ್ ವೆಸ್ಟ್ ಒಡೆತನ ವಹಿಸಿಕೊಂಡರು. ಇಬ್ಬರೂ ಮೊದಲು ಅಲ್ಲಿನ ನಿರ್ವಾಹಕರಾಗಿದ್ದವರು.