ಅಕ್ಷರದ ಮೇಲಿನ ಚುಕ್ಕೆ

1924ರಲ್ಲಿ ಮೈಸೂರಿನಲ್ಲಿ ನಡೆದ ಒಂದು ಭೇಟಿಯ ಸಂಗತಿ ನಮ್ಮ ಸಾಹಿತ್ಯಾಸಕ್ತರಿಗೆ ಹೊಸದಲ್ಲ. ಆಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕಂಡು ತಮ್ಮ ಪದ್ಯಗಳನ್ನು ತೋರಿಸಿದರು. ಅತಿಥಿಯು ಅವನ್ನು ಓದಿ, ನಿಮ್ಮ ತಾಯ್ನುಡಿಯಲ್ಲಿ ಏನು ಬರೆದಿದ್ದೀರಿ ಎಂದು ವಿಚಾರಿಸಿ, ಅದರಲ್ಲಿಯೇ ಬರೆಯುವಂತೆ ಹೇಳಿದರು. ಆ ಬುದ್ಧಿಮಾತಿನ ಫಲವನ್ನು ಕನ್ನಡಿಗರು ಇಂದಿಗೂ ಉಣ್ಣುತ್ತಿದ್ದೇವೆ.

ಈ ಪ್ರಸಂಗವನ್ನು ಓದಿದಾಗ ಹೊಳೆಯದ ಒಂದು ಮಾತು ನನಗೆ ಬಹಳ ವರ್ಷಗಳ ಮೇಲೆ ಹೊಳೆಯಿತು. ತಾಯ್ನುಡಿಯಲ್ಲಿ ಬರೆಯಿರೆಂದ ಕಸಿನ್ಸ್ ಅವರು ಸ್ವತಃ ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಅವರ ನಾಡಿನ ಹಳೆಯ ನುಡಿಯಾದ ಐರಿಷ್ ಭಾಷೆ ಅವರು ಹುಟ್ಟುವ ವೇಳೆಗಾಗಲೇ ಬಹುಪಾಲು ಮನೆಗಳಿಂದ ಹೊರಬಿದ್ದಿತ್ತು. 1845ರಿಂದ ಆರಂಭವಾದ ಆಲೂಗಡ್ಡೆಯ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹೆಚ್ಚುಕಡಮೆ ಅಷ್ಟೇ ಜನ ಕಡಲು ದಾಟಿ ಹೋದರು. ಸತ್ತವರಲ್ಲಿಯೂ ಹೋದವರಲ್ಲಿಯೂ ಬಡವರೇ ಹೆಚ್ಚು. ಆ ನುಡಿಯನ್ನು ಉಳಿಸಿಕೊಂಡಿದ್ದವರೂ ಬಡವರೇ. ನಮ್ಮ ಮಹಾಕವಿಗೆ ಹಾಗೆ ಹೇಳಿದವರು ಇಂಥ ನಾಡಿನಿಂದ ಬಂದವರು.

ನಾನು ವೃತ್ತಿಯಿಂದ ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದವನು. ಹವ್ಯಾಸದಿಂದ ಹಳಗನ್ನಡದ ಓದುಗ. ಬೆಳಗ್ಗೆ ಪ್ರಯೋಗಶಾಲೆ, ಸಂಜೆ ಪಂಪ ರನ್ನರು. ಎರಡೂ ಒಂದೇ ತಲೆಯಲ್ಲಿ ವಾಸವಾಗಿದ್ದರೂ ಒಂದರ ಗೋಷ್ಠಿಯಲ್ಲಿ ಇನ್ನೊಂದರ ಮಾತೆತ್ತಲು ಸಂಕೋಚ. ಇವೆರಡೂ ಕೂಡಿ ಬಾಳಿದ ಊರು ಎಲ್ಲಿಯಾದರೂ ಉಂಟೇ ಎಂದು ಹುಡುಕುತ್ತ ಹೋದ ನನಗೆ ಸಿಕ್ಕಿದ್ದು ಐರ್ಲೆಂಡಿನ ರಾಜಧಾನಿ ಡಬ್ಲಿನ್. ಅಲ್ಲಿಯ ಕಥೆಯನ್ನು ನಿಮ್ಮ ಮುಂದೆ ಇಡುವುದು ಈ ಭಾಷಣದ ಉದ್ದೇಶ.

1940ರಲ್ಲಿ, ಯೂರೋಪು ಯುದ್ಧದಲ್ಲಿ ಉರಿಯುತ್ತಿದ್ದಾಗ, ತಟಸ್ಥವಾಗಿ ಉಳಿದಿದ್ದ ಆ ಬಡ ದೇಶದ ಪ್ರಧಾನಿ ಡಿ ವೆಲೆರಾ ಒಂದು ವಿಚಿತ್ರವಾದ ಕೆಲಸ ಮಾಡಿದರು. ಶಾಸನ ತಂದು ಒಂದು ಉನ್ನತ ಅಧ್ಯಯನ ಸಂಸ್ಥೆಯನ್ನು ಕಟ್ಟಿದರು. ಅದರಲ್ಲಿ ಮೊದಲಿಗೆ ಇದ್ದದ್ದು ಎರಡೇ ಶಾಖೆಗಳು: ಒಂದು ಕೆಲ್ಟಿಕ್ ಭಾಷಾಸಾಹಿತ್ಯಗಳದು, ಇನ್ನೊಂದು ಸೈದ್ಧಾಂತಿಕ ಭೌತಶಾಸ್ತ್ರದ್ದು. ಡಿ ವೆಲೆರಾ ರಾಜಕೀಯಕ್ಕೆ ಬರುವ ಮೊದಲು ಗಣಿತದ ಮೇಷ್ಟರಾಗಿದ್ದವರು. ಐರಿಷ್ ಭಾಷೆಯ ಮೇಲೆ ಅಪಾರ ಅಭಿಮಾನ ಇದ್ದವರು. ತಮ್ಮ ದೇಶ ಜಗತ್ತಿನ ಮುಂದೆ ತಲೆಯೆತ್ತಿ ನಿಲ್ಲಬಹುದಾದ ವಿದ್ಯೆ ಯಾವುದೆಂದು ಅವರು ಲೆಕ್ಕ ಹಾಕಿದ್ದಿರಬೇಕು. ಐರಿಷ್ ಹಸ್ತಪ್ರತಿಗಳು ತಮ್ಮಲ್ಲೇ ಇದ್ದವು. ಸೈದ್ಧಾಂತಿಕ ಭೌತಶಾಸ್ತ್ರಕ್ಕೆ ಕಾಗದ ಮತ್ತು ಪೆನ್ಸಿಲು ಸಾಕು, ದುಬಾರಿ ಯಂತ್ರಗಳು ಬೇಡ. ಇದು ಬಡತನದ ಜಾಣತನ. ಶಾಸನಸಭೆಯಲ್ಲಿ ಆಕ್ಷೇಪಣೆಗಳೂ ಬಂದವು.

ಭೌತಶಾಸ್ತ್ರದ ಶಾಖೆಗೆ ಮೊದಲ ನಿರ್ದೇಶಕರಾಗಿ ಬಂದವರು ನಾಜಿಗಳ ಆಳ್ವಿಕೆಯಿಂದ ತಪ್ಪಿಸಿಕೊಂಡು ಬಂದಿದ್ದ ಎರ್ವಿನ್ ಶ್ರೋಡಿಂಜರ್. ಉಪನಿಷತ್ತುಗಳನ್ನು ಓದಿ ಮೆಚ್ಚಿದ ವಿಜ್ಞಾನಿ ಎಂದು ನಮ್ಮವರಿಗೆ ಅವರ ಹೆಸರು ಪರಿಚಿತ. ಕೆಲ್ಟಿಕ್ ಶಾಖೆಯ ವಿದ್ವಾಂಸ ಓ'ರಾಹಿಲಿ 1942ರಲ್ಲಿ ಉಪನ್ಯಾಸ ಕೊಟ್ಟು, ದೇಶದ ಜನ ಒಬ್ಬನೆಂದು ಪೂಜಿಸುವ ಸಂತ ಪ್ಯಾಟ್ರಿಕ್ ನಿಜವಾಗಿ ಇಬ್ಬರು ಎಂದು ವಾದಿಸಿದರು. ಸಂಸ್ಥೆಯ ಎರಡು ಶಾಖೆಗಳ ಸಾಧನೆಯನ್ನು ಒಟ್ಟುಗೂಡಿಸಿ ಹಾಸ್ಯಲೇಖಕ ಫ್ಲಾನ್ ಓ'ಬ್ರಯನ್ ಪತ್ರಿಕೆಯಲ್ಲಿ ಗೇಲಿ ಮಾಡಿದ್ದುಂಟು: ಸಂತರು ಇಬ್ಬರಿದ್ದಾರೆ, ದೇವರು ಮಾತ್ರ ಇಲ್ಲ ಎಂದು ತೋರಿಸುವುದಕ್ಕೆ ಇಷ್ಟೆಲ್ಲ ಖರ್ಚಾಯಿತು ಎಂಬುದು ಆ ಗೇಲಿಯ ತಾತ್ಪರ್ಯ.

ಗೇಲಿ ಮಾಡಿದವರು ಊಹಿಸದ ಫಲವೊಂದು ಆ ಮನೆಯಿಂದ ಹೊರಟಿತು. 1943ರ ಫೆಬ್ರವರಿಯಲ್ಲಿ ಶ್ರೋಡಿಂಜರ್ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ, ಜೀವ ಎಂದರೇನು ಎಂಬ ವಿಷಯವಾಗಿ ಸಾರ್ವಜನಿಕ ಉಪನ್ಯಾಸಗಳನ್ನು ಕೊಟ್ಟರು. ಸುಮಾರು ನಾನೂರು ಜನ ಕೇಳಿದರು. ಪ್ರಧಾನಿಯೂ ಬಂದು ಕುಳಿತಿದ್ದರು. ತಾಯಿತಂದೆಯ ಗುಣ ಮಗುವಿಗೆ ಬರಬೇಕಾದರೆ ಜೀವಕೋಶದೊಳಗೆ ಒಂದು ಬಗೆಯ ಸಂಕೇತಲಿಪಿ ಇರಲೇಬೇಕು. ಅದು ಒಂದೇ ನಮೂನೆ ಮರುಕಳಿಸದ ಸ್ಫಟಿಕದಂತಿರಬೇಕು ಎಂದು ಅವರು ತರ್ಕಿಸಿದರು. 1944ರಲ್ಲಿ ಪುಸ್ತಕವಾದ ಈ ಮಾತುಗಳನ್ನು ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರೂ ಓದಿದರು. 1953ರಲ್ಲಿ ಡಿ.ಎನ್.ಎ. ಅಣುವಿನ ಜೋಡಿಸುರುಳಿಯ ರಚನೆ ಹೊರಬಂದಾಗ ಕ್ರಿಕ್ ತಮ್ಮ ಲೇಖನಗಳನ್ನು ಶ್ರೋಡಿಂಜರರಿಗೆ ಕಳುಹಿಸಿ, ಅವರ ಪುಸ್ತಕದ ಋಣವನ್ನು ನೆನೆದು ಕಾಗದ ಬರೆದರು.

ಅದಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1853ರಲ್ಲಿ, ಇನ್ನೊಂದು ಲಿಪಿಯ ಬೀಗ ತೆರೆದಿತ್ತು. ಝಾಯ್ಸ್ ಎಂಬ ಜರ್ಮನ್ ಉಪಾಧ್ಯಾಯ ಆ ವರ್ಷ ಕೆಲ್ಟಿಕ್ ಭಾಷೆಗಳ ವ್ಯಾಕರಣವನ್ನು ಪ್ರಕಟಿಸಿದ. ಎಂಟು ಒಂಬತ್ತನೆಯ ಶತಮಾನಗಳಲ್ಲಿ ಐರಿಷ್ ಸನ್ಯಾಸಿಗಳು ಲ್ಯಾಟಿನ್ ಗ್ರಂಥಗಳ ಸಾಲುಗಳ ನಡುವೆಯೂ ಅಂಚಿನಲ್ಲಿಯೂ ತಮ್ಮ ನುಡಿಯಲ್ಲಿ ಬರೆದಿಟ್ಟ ಟಿಪ್ಪಣಿಗಳೇ ಅವನಿಗೆ ಆಧಾರ. ಆ ಗ್ರಂಥಗಳು ವುರ್ಟ್ಸ್‌ಬರ್ಗ್, ಮಿಲಾನ್, ಸೇಂಟ್ ಗಾಲ್ ಮೊದಲಾದ ಪರದೇಶದ ಭಂಡಾರಗಳಲ್ಲಿದ್ದವು. ಕ್ಷಾಮ ಮುಗಿದು ಐರಿಷ್ ಮಾತು ಗುಡಿಸಲುಗಳಿಂದ ಮಾಯವಾಗುತ್ತಿದ್ದ ಹೊತ್ತಿಗೇ ಅದರ ಪುರಾತನ ವ್ಯಾಕರಣ ವಿದ್ವಾಂಸರ ಮೇಜಿನ ಮೇಲೆ ಎದ್ದು ನಿಂತಿತು. ಇದಕ್ಕೆ ನಗಬೇಕೋ ಅಳಬೇಕೋ ತಿಳಿಯದು.

ಈಗ ಆ ಹಸ್ತಪ್ರತಿಗಳ ಕಡೆ ನೋಡೋಣ. ನಮ್ಮಲ್ಲಿ ತಾಳೆಗರಿ ಹೇಗೋ ಅಲ್ಲಿ ಕರುವಿನ ತೊಗಲು ಹಾಗೆ. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು ಒಣಗಿಸುತ್ತಿದ್ದರು. ಮಾಚಿಕಾಯಿ ಮತ್ತು ಅನ್ನಭೇದಿ ಸೇರಿಸಿ ಮಸಿ ಮಾಡುತ್ತಿದ್ದರು. ಐರಿಷ್ ಸಾಹಿತ್ಯವೇ ತುಂಬಿರುವ ಅತಿ ಹಳೆಯ ಹಸ್ತಪ್ರತಿಗೆ ಕಂದುಹಸುವಿನ ಪುಸ್ತಕ ಎಂದೇ ಹೆಸರು. ಆರನೆಯ ಶತಮಾನದ ಸಂತ ಕಿಯರನನ ಹಸುವಿನ ತೊಗಲು ಅದು ಎಂಬುದು ಪ್ರತೀತಿ. ಪುಸ್ತಕವಾದರೋ 1100ರ ಆಸುಪಾಸಿನದು. ಅದರ ಲಿಪಿಕಾರರಲ್ಲಿ ಒಬ್ಬನಾದ ಮೇಲ್ ಮುರೆ ಎಂಬವನು 1106ರಲ್ಲಿ ದಾಳಿಕೋರರ ಕೈಯಲ್ಲಿ ಹತನಾದನು. ಇಂದು ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿ ಅದರ 67 ಹಾಳೆಗಳು ಉಳಿದಿವೆ. ಅದರಲ್ಲಿರುವ ಮುಖ್ಯ ಕಥೆ ಒಂದು ಹೋರಿಗಾಗಿ ನಡೆದ ತುರುಗೋಳಿನದು. ಊರೂರಿನಲ್ಲಿ ತುರುಗೋಳಿನ ವೀರಗಲ್ಲುಗಳನ್ನು ಕಂಡ ನಮಗೆ, ದನಕ್ಕಾಗಿ ಕಾದಿದ ಕಥೆಯನ್ನು ದನದ ತೊಗಲಿನ ಮೇಲೆಯೇ ಬರೆದಿಟ್ಟ ಜನ ಪರಕೀಯರೆನಿಸುವುದಿಲ್ಲ.

ತೊಗಲಿನ ಮೇಲೆ ಲಿಪಿಕಾರ ಬರೆದದ್ದು ಒಂದು ಬರಹ. ತೊಗಲಿನೊಳಗೆ ಆ ಕರುವಿನದೇ ಡಿ.ಎನ್.ಎ. ಇದೆಯಷ್ಟೆ, ಅದು ಇನ್ನೊಂದು ಬರಹ. ಇದನ್ನು ಓದುವ ಪ್ರಯತ್ನ ಟ್ರಿನಿಟಿ ಕಾಲೇಜಿನಲ್ಲಿಯೇ, ಎಂದರೆ ಶ್ರೋಡಿಂಜರರು ಮಾತನಾಡಿದ ವಿದ್ಯಾಸಂಸ್ಥೆಯಲ್ಲಿಯೇ ನಡೆಯಿತು. ಅಲ್ಲಿಯ ತಳಿವಿಜ್ಞಾನಿಗಳೂ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರೂ ಕೂಡಿ 2014ರಲ್ಲಿ ಹದಿನೇಳು ಹದಿನೆಂಟನೆಯ ಶತಮಾನಗಳ ಎರಡು ಚರ್ಮಪತ್ರಗಳ ಡಿ.ಎನ್.ಎ. ಓದಿ, ಅವು ಯಾವ ಸೀಮೆಯ ಕುರಿಗಳಿಗೆ ಹತ್ತಿರವೆಂದು ಹೇಳಿದರು. ಪುಸ್ತಕಕ್ಕೆ ಕತ್ತರಿ ಹಾಕಲು ಯಾವ ಭಂಡಾರದವರು ಒಪ್ಪಿಯಾರು? ಅದಕ್ಕೂ ಯಾರ್ಕಿನವರು ಉಪಾಯ ಕಂಡುಕೊಂಡರು. ಚರ್ಮಪತ್ರದ ಕೊಳೆ ತೆಗೆಯಲು ಭಂಡಾರದವರು ಅದನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಾರೆ. ಉದುರಿದ ಪುಡಿಯನ್ನು ಗುಡಿಸಿ ಎಸೆಯುತ್ತಿದ್ದರು. ಆ ಪುಡಿಯನ್ನು ವಿಜ್ಞಾನಿಗಳು ಬೇಡಿ ತೆಗೆದುಕೊಂಡರು. 2017ರಲ್ಲಿ ಸಾವಿರ ವರ್ಷ ಹಳೆಯ ಯಾರ್ಕ್ ಸುವಾರ್ತೆಗಳ ಗ್ರಂಥದಿಂದ ಬಂದ ಪುಡಿಯೇ ಅದು ಹೆಚ್ಚಾಗಿ ಕರುವಿನ ತೊಗಲೆಂದು ಹೇಳಿತು. ಪುಟ ಮುಟ್ಟಿದ ಮನುಷ್ಯರ ಗುರುತನ್ನೂ ತೋರಿಸಿತು.

ಇಲ್ಲಿಂದ ಮುಂದಿನದು ರಸಾಯನಶಾಸ್ತ್ರ. ಡಿ.ಎನ್.ಎ. ಎಂಬ ಲಿಪಿಗೆ ನಾಲ್ಕೇ ಅಕ್ಷರಗಳು: ಅಡೆನಿನ್, ಗ್ವಾನಿನ್, ಸೈಟೋಸಿನ್, ಥೈಮಿನ್. ಕಾಲ ಕಳೆದಂತೆ ಈ ಲಿಪಿಯೂ ಸವೆಯುತ್ತದೆ. ನೀರಿನ ಸಹವಾಸದಿಂದ ಸೈಟೋಸಿನ್ ತನ್ನ ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗುತ್ತದೆ. ಓದುವ ಯಂತ್ರ ಅದನ್ನು ಥೈಮಿನ್ ಎಂದು ತಪ್ಪಾಗಿ ಓದುತ್ತದೆ. ಜೀವಂತ ಕೋಶ ಇಂಥ ತಪ್ಪುಗಳನ್ನು ಆಗಿಂದಾಗ್ಗೆ ತಿದ್ದಿಕೊಳ್ಳುತ್ತದೆ. ಈ ತಿದ್ದುಪಡಿಯ ವಿಧಾನವನ್ನು ಶೋಧಿಸಿದ ಥಾಮಸ್ ಲಿಂಡಾಲ್ ಅವರಿಗೆ 2015ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಸತ್ತ ತೊಗಲಿನಲ್ಲಿ ತಿದ್ದುವವರಿಲ್ಲ. ತಪ್ಪುಗಳು ತುಣುಕುಗಳ ತುದಿಯಲ್ಲಿ ಹೆಚ್ಚಾಗಿ ಕೂಡಿಕೊಳ್ಳುತ್ತವೆ. ಈ ತಪ್ಪುಗಳೇ ವಿಜ್ಞಾನಿಗೆ ಸಾಕ್ಷಿ. ತುದಿಯಲ್ಲಿ ಇಂಥ ಸವಕಳಿ ಕಂಡರೆ ಡಿ.ಎನ್.ಎ. ನಿಜವಾಗಿ ಹಳೆಯದು, ಕಾಣದಿದ್ದರೆ ನಿನ್ನೆ ಮೊನ್ನೆ ಮುಟ್ಟಿದವರ ಕೈಯದು ಇರಬಹುದು.

ಇದನ್ನು ಓದಿದಾಗ ನನಗೆ ಡಿ.ಎಲ್. ನರಸಿಂಹಾಚಾರ್ಯರ ಗ್ರಂಥಸಂಪಾದನೆಯ ಪಾಠಗಳು ನೆನಪಾದವು. ಲಿಪಿಕಾರನ ಸ್ಖಾಲಿತ್ಯವನ್ನು ಕಂಡು ಸಿಡುಕಬಾರದು. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಅವು ಒಂದೇ ಮೂಲದವು ಎಂದು ತಿಳಿಯುತ್ತದೆ. ಕಂದುಹಸುವಿನ ಪುಸ್ತಕದಲ್ಲಿಯೂ ಹೀಗೆಯೇ. ಮೂರು ಕೈಗಳ ಬರವಣಿಗೆ ಅದರಲ್ಲಿದೆಯೆಂದು ಬೆಸ್ಟ್ ಎಂಬ ವಿದ್ವಾಂಸ 1912ರಲ್ಲಿ ತೋರಿಸಿದ. ಮೂರನೆಯವನು ಮೊದಲಿನವರು ಬರೆದದ್ದನ್ನು ಕೆಲವೆಡೆ ಕೆರೆದು, ತನ್ನದನ್ನು ತುಂಬಿದ್ದಾನೆ. ಕೆರೆದ ಗಾಯವೇ ಇತಿಹಾಸದ ಆಧಾರವಾಯಿತು.

ಇನ್ನೂ ಒಂದು ಹೋಲಿಕೆ ಇದೆ. ಡಿ.ಎನ್.ಎ.ಯ ಸೈಟೋಸಿನ್ ಅಕ್ಷರಕ್ಕೆ ಜೀವಿ ತಾನೇ ಕೆಲವೆಡೆ ಒಂದು ಪುಟ್ಟ ಮಿಥೈಲ್ ಗುಂಪನ್ನು ಅಂಟಿಸುತ್ತದೆ. ಅಕ್ಷರ ಬದಲಾಗುವುದಿಲ್ಲ, ಆದರೆ ಹಾಗೆ ಗುರುತು ಬಿದ್ದ ಕಡೆ ಆ ಭಾಗವನ್ನು ಕೋಶ ಅನೇಕ ವೇಳೆ ಓದದೆ ಬಿಡುತ್ತದೆ. ಐರಿಷ್ ಹಸ್ತಪ್ರತಿಗಳಲ್ಲಿಯೂ ಅಕ್ಷರದ ಮೇಲೆ ಒಂದು ಚುಕ್ಕೆ ಇಡುವ ಪದ್ಧತಿಯುಂಟು. ಇದು ತಪ್ಪಿ ಬರೆದ ಅಕ್ಷರ, ಓದಬೇಡ ಎಂದು ಸೂಚಿಸಲು ಲಿಪಿಕಾರರು ಬಳಸುತ್ತಿದ್ದ ಗುರುತು ಅದು. ಮುಂದೆ ಅದೇ ಚುಕ್ಕೆ ವ್ಯಂಜನದ ಧ್ವನಿ ಮೃದುವಾಗಿದೆ ಎಂಬುದರ ಸಂಕೇತವಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ನಡುವೆ ರೋಮನ್ ಅಚ್ಚಿನ ಮೊಳೆಗಳು ಬಂದಾಗ ಚುಕ್ಕೆ ಹೋಗಿ ಹಕಾರ ಬಂತು. ಅಣುವಿನ ಚುಕ್ಕೆಯನ್ನೂ ಇಂದು ಓದಬಲ್ಲರು: ಬರಿಯ ಸೈಟೋಸಿನ್ ಸವೆದರೆ ಯುರಾಸಿಲ್ ಆಗುತ್ತದೆ, ಚುಕ್ಕೆಯಿಟ್ಟ ಸೈಟೋಸಿನ್ ಸವೆದರೆ ನೇರವಾಗಿ ಥೈಮಿನ್ ಆಗುತ್ತದೆ. ಈ ಭೇದವನ್ನು ಹಿಡಿದು 2014ರಲ್ಲಿ, ಎಂದೋ ಅಳಿದ ನಿಯಾಂಡರ್ಥಲ್ ಮಾನವರ ಡಿ.ಎನ್.ಎ.ಯಲ್ಲಿ ಚುಕ್ಕೆಗಳು ಎಲ್ಲಿದ್ದವೆಂದು ಗುರುತಿಸಿದರು. ಸವೆದದ್ದರಿಂದಲೇ ಅದು ಸಾಧ್ಯವಾಯಿತು.

ಹಾಗೆಂದು ರಸಾಯನಶಾಸ್ತ್ರ ಎಲ್ಲವನ್ನೂ ಹೇಳಲಾರದು. 2019ರಲ್ಲಿ ಕಾರ್ಕ್ ವಿಶ್ವವಿದ್ಯಾಲಯದ ಆಚಾರ್ಯ ಪಾಡ್ರಿಗ್ ಓ ಮಹಾನ್ ಒಂದು ಸಂಗತಿಯನ್ನು ಪ್ರಕಟಿಸಿದರು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಒಂದು ಮನೆತನದಲ್ಲಿದ್ದ 1530ರ ದಶಕದ ಲ್ಯಾಟಿನ್ ಪುಸ್ತಕಕ್ಕೆ ಹಳೆಯ ಐರಿಷ್ ಹಾಳೆಯೊಂದನ್ನು ಕತ್ತರಿಸಿ ರಟ್ಟಿನ ಹೊದಿಕೆಯಾಗಿ ಹೊಲಿದಿದ್ದರು. ಬಿಚ್ಚಿ ನೋಡಿದಾಗ ಅದು ಹದಿನೈದನೆಯ ಶತಮಾನದ ವೈದ್ಯಗ್ರಂಥ. ಪಾರಸಿಕ ವೈದ್ಯ ಇಬ್ನ್ ಸೀನನ ಮಹಾಗ್ರಂಥದ ಒಂದು ಭಾಗದ ಐರಿಷ್ ಅನುವಾದ! ದವಡೆ, ಮೂಗು, ಬೆನ್ನುಗಳ ರಚನೆಯ ವಿವರಣೆ ಅದರಲ್ಲಿತ್ತು. ತೊಗಲು ಯಾವ ಕರುವಿನದೆಂದು ಅಣು ಹೇಳಬಲ್ಲುದು. ಅದರ ಮೇಲಿನ ಮಾತು ಇಬ್ನ್ ಸೀನನದೆಂದು ಗುರುತಿಸಿದ್ದು, ಡಿ ವೆಲೆರಾ ಕಟ್ಟಿದ ಸಂಸ್ಥೆಯ ಕೆಲ್ಟಿಕ್ ಶಾಖೆಯಲ್ಲಿ ಹಳೆಯ ಐರಿಷ್ ವೈದ್ಯಸಾಹಿತ್ಯವನ್ನು ಅರೆದು ಕುಡಿದಿದ್ದ ವಿದುಷಿ ಈವೀನ್ ನಿಕ್ ಗೊಂಕಡ. ಭಾಷೆ ಬಲ್ಲವರು ಇಲ್ಲದಿದ್ದರೆ ಆ ಹಾಳೆ ಬರಿಯ ತೊಗಲು.

ಅದರಲ್ಲಿ ನಮಗೂ ಒಂದು ಮಾತಿದೆ. ಐನೂರು ವರ್ಷಗಳ ಹಿಂದೆ ಐರಿಷ್ ಭಾಷೆ ಜಗತ್ತಿನ ಅತ್ಯುನ್ನತ ವೈದ್ಯವಿಜ್ಞಾನವನ್ನು ತನ್ನ ಮಾತಿನಲ್ಲಿಯೇ ಹೇಳುತ್ತಿತ್ತು. ಆ ಕಾಲದ ಉಳಿದ ಐರಿಷ್ ಹಸ್ತಪ್ರತಿಗಳಲ್ಲಿ ಸುಮಾರು ಕಾಲು ಭಾಗ ವೈದ್ಯಗ್ರಂಥಗಳೇ. ಆ ಕೆಲಸ ನಿಂತ ಮೇಲೆ ಭಾಷೆ ಹಾಡಿಗೂ ಕಥೆಗೂ ಮೀಸಲಾಯಿತು. ಕ್ಷಾಮ ಬಂದಾಗ ಅದನ್ನು ಹಿಡಿದು ನಿಲ್ಲಿಸಲು ಬೇರೆ ಆಸರೆ ಇರಲಿಲ್ಲ. 2022ರ ಜನಗಣತಿಯಲ್ಲಿ ಐರಿಷ್ ಮಾತಾಡಬಲ್ಲೆವೆಂದವರು ಸುಮಾರು 18 ಲಕ್ಷ 70 ಸಾವಿರ. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ. ಈ ಎರಡು ಅಂಕೆಗಳ ನಡುವಿನ ಅಂತರ ನನ್ನನ್ನು ಕಾಡುತ್ತದೆ.

ನಾನು ಮೂವತ್ತು ವರ್ಷ ಸೈಟೋಸಿನ್ ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿದೆ. ಕನ್ನಡದಲ್ಲಿ ಹೇಳಲು ಬರುವುದಿಲ್ಲವೆಂದಲ್ಲ. ಯಾರೂ ಕೇಳಲಿಲ್ಲ, ನಾನೂ ಯತ್ನಿಸಲಿಲ್ಲ. ನಮ್ಮ ಭಾಷೆಯ ಬಗ್ಗೆ ಕಸಿನ್ಸ್ ಕೇಳಿದ ಪ್ರಶ್ನೆಗೆ ಕವಿಗಳು ಉತ್ತರ ಕೊಟ್ಟು ಬಹಳ ಕಾಲವಾಯಿತು. ನನ್ನಂಥ ಮೇಷ್ಟರು ಉತ್ತರ ಕೊಡುವುದು ಬಾಕಿ ಇದೆ. ತಡವಾಗಿಯಾದರೂ ಈ ಕೆಲವು ನಿಮಿಷಗಳಲ್ಲಿ ನಾನು ಮಾಡಿದ್ದು ಅಂಥ ಒಂದು ಯತ್ನ. ತಪ್ಪುಗಳಿದ್ದರೆ ತಿದ್ದಿಕೊಳ್ಳಿ, ಅವನ್ನು ಕಂಡು ಮುಂದಿನವರು ಇನ್ನೂ ಚೆನ್ನಾಗಿ ಹೇಳಿಯಾರು.