ಜೀವವೈದ್ಯಕೀಯ ಎಂಜಿನಿಯರಿಂಗ್: ವ್ಯಾಸಂಗ ಮತ್ತು ಸಂಶೋಧನೆ

ಭೌತಶಾಸ್ತ್ರ, ರಸಾಯನಶಾಸ್ತ್ರ, ಯಂತ್ರಶಾಸ್ತ್ರಗಳ ತತ್ತ್ವಗಳನ್ನು ದೇಹವ್ಯಾಪಾರಗಳ ಪರಿಶೀಲನೆಗೂ ಚಿಕಿತ್ಸೋಪಕರಣಗಳ ನಿರ್ಮಾಣಕ್ಕೂ ಅನ್ವಯಿಸುವ ಶಾಸ್ತ್ರ. 1960ರ ದಶಕದಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್, ಪೆನ್ಸಿಲ್ವೇನಿಯ ಮೊದಲಾದ ವಿಶ್ವವಿದ್ಯಾನಿಲಯಗಳಲ್ಲಿ ಪ್ರತ್ಯೇಕ ವ್ಯಾಸಂಗವಿಷಯವಾಗಿ ನೆಲೆಗೊಂಡಿತು.

ವ್ಯಾಸಂಗಕ್ರಮ

ಗಣಿತ, ವಿದ್ಯುನ್ಮಾನ, ವಸ್ತುವಿಜ್ಞಾನಗಳೊಡನೆ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರಗಳನ್ನೂ ವಿದ್ಯಾರ್ಥಿಯು ಅಭ್ಯಸಿಸತಕ್ಕದ್ದು. ಮದರಾಸಿನ ಐಐಟಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗಳು ಜಂಟಿಯಾಗಿ ನಡೆಸುವ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್. ಶಿಕ್ಷಣದಲ್ಲಿ ಆಸ್ಪತ್ರೆಯೂ ಪಾಠಶಾಲೆಯ ಅಂಗವಾಗಿದೆ.

ಚಿತ್ರಾ ಹೃದಯಕವಾಟ

ಭಾರತದಲ್ಲಿ ಈ ವಿದ್ಯೆಯ ಸಾಮರ್ಥ್ಯವನ್ನು ತೋರಿಸಿಕೊಟ್ಟ ಕಾರ್ಯಗಳಲ್ಲಿ ಚಿತ್ರಾ ಕೃತಕ ಹೃದಯಕವಾಟದ ನಿರ್ಮಾಣಕ್ಕೆ ಅಗ್ರಸ್ಥಾನ ಸಲ್ಲಬೇಕೆಂದು ಹೇಳಬಹುದು. ರುಮ್ಯಾಟಿಕ್ ಜ್ವರದಿಂದ ಎಳೆಯ ವಯಸ್ಸಿನಲ್ಲಿಯೇ ಹೃದಯಕವಾಟ ಕೆಟ್ಟ ರೋಗಿಗಳು ಅಸಂಖ್ಯರಾಗಿದ್ದು, ವಿದೇಶೀ ಕವಾಟಗಳ ಬೆಲೆಯು ಅವರಿಗೆ ನಿಲುಕದಿದ್ದುದರಿಂದ, ಶಸ್ತ್ರವೈದ್ಯ ಎಂ. ಎಸ್. ವಲಿಯತ್ತಾನ್ ಅವರ ಮುಂದಾಳುತನದಲ್ಲಿ, 1980ರಲ್ಲಿ ಸಂಸತ್ತಿನ ಶಾಸನದಿಂದ ರಾಷ್ಟ್ರೀಯ ಮಹತ್ವವನ್ನು ಪಡೆದ ಶ್ರೀ ಚಿತ್ರಾ ಸಂಸ್ಥೆಯು ದೇಶೀಯ ಕವಾಟದ ಸಂಶೋಧನೆಯಲ್ಲಿ ತೊಡಗಿತು.

ಹೃದಯವು ನಿಮಿಷಕ್ಕೆ 70 ಸಲ ಮಿಡಿಯುವುದೆಂದು ಗಣಿಸಿದರೆ, ಕವಾಟವು ವರ್ಷವೊಂದರಲ್ಲಿ ಮೂರೂವರೆ ಕೋಟಿಗೂ ಮಿಕ್ಕಿ ತೆರೆದು ಮುಚ್ಚಬೇಕು. ಸವೆಯಬಾರದು, ಮುರಿಯಬಾರದು, ರಕ್ತವನ್ನು ಹೆಪ್ಪುಗಟ್ಟಿಸಬಾರದು. ಪಂಜರದೊಳಗೆ ಬಿಲ್ಲೆಯೊಂದು ತೆರೆದು ಮುಚ್ಚುವ ಈ ಕವಾಟದ ಮೊದಲನೆಯ ಮಾದರಿಯಲ್ಲಿ ಟೈಟಾನಿಯಂ ಪಂಜರದ ಆಧಾರಕಡ್ಡಿಯು ವೇಗವರ್ಧಿತ ಬಾಳಿಕೆಯ ಪರೀಕ್ಷೆಯಲ್ಲಿ ಬೆಸುಗೆಯ ಬಳಿ ಮುರಿಯಿತು. ಬೆಸುಗೆಯನ್ನು ಬಿಟ್ಟು ಏಕಖಂಡವಾಗಿ ಕಡೆದ ಎರಡನೆಯದರಲ್ಲಿ, ಗಟ್ಟಿಯಾದ ನೀಲಮಣಿಯ ಬಿಲ್ಲೆಯು ಮೃದುವಾದ ಟೈಟಾನಿಯಮ್ಮನ್ನು ಸವೆಯಿಸಿತು. ಪಂಜರಕ್ಕೆ ಗಡುಸಾದ ಹೇನ್ಸ್ ಮಿಶ್ರಲೋಹವನ್ನು ಬಳಸಿದ ಮೂರನೆಯದರಲ್ಲಿ, ಪ್ರಯೋಗಕ್ಕಾಗಿ ಕುರಿಯ ಹೃದಯದಲ್ಲಿ ಅಳವಡಿಸಿದ್ದ ನೀಲಮಣಿಯ ಬಿಲ್ಲೆಯೇ ಒಡೆಯಿತು. ಕಠಿಣವಾದುದೇ ಬಾಳಿಕೆ ಬರುವುದೆಂಬ ಭಾವನೆಯನ್ನು ಕೈಬಿಟ್ಟು, ಅತ್ಯಧಿಕ ಅಣುತೂಕದ ಪಾಲಿಥಿಲೀನ್ ಬಿಲ್ಲೆಯನ್ನು ಅದೇ ಮಿಶ್ರಲೋಹದ ಪಂಜರದಲ್ಲಿರಿಸಿ, ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಬಳೆಯನ್ನು ತೊಡಿಸಿದ ನಾಲ್ಕನೆಯ ಮಾದರಿಯು ಪರೀಕ್ಷೆಗಳಲ್ಲಿ ಗೆದ್ದಿತು. ಬಿಲ್ಲೆಯು ಓರೆಯಾಗಿ ತೆರೆಯುವುದಲ್ಲದೆ ತನ್ನ ಸುತ್ತ ತಾನೇ ತಿರುಗುವುದರಿಂದ ಸವೆತವು ಒಂದೇ ಕಡೆ ನಿಲ್ಲದೆ ಹಂಚಿಹೋಗುತ್ತದೆ. 1990ರ ಡಿಸೆಂಬರ್ 6ರಂದು ಇದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಅನಂತರ ಟಿಟಿಕೆ ಸಂಸ್ಥೆಯು ತಯಾರಿಕೆಯನ್ನು ಕೈಗೊಂಡಿತು. ಇತರ ಯಾಂತ್ರಿಕ ಕವಾಟಗಳಂತೆ ಇದನ್ನು ಪಡೆದವರೂ ರಕ್ತ ಹೆಪ್ಪುಗಟ್ಟದಂತೆ ಆಜೀವ ಔಷಧ ಸೇವಿಸಬೇಕು.

ಮಹತ್ವ

ಕಮ್ಮಟ, ಪ್ರಾಣಿಪ್ರಯೋಗಾಲಯ, ಶಸ್ತ್ರಚಿಕಿತ್ಸಾಗಾರ ಇವು ಒಂದೇ ಆಡಳಿತದಲ್ಲಿದ್ದುದು ಈ ಸಿದ್ಧಿಗೆ ಮುಖ್ಯ ಕಾರಣಗಳಲ್ಲೊಂದೆಂದು ತೋರುತ್ತದೆ; ಮುರಿದ ಕವಾಟವು ಅದನ್ನು ಕಡೆದವನ ಮೇಜಿಗೇ ಮರಳುತ್ತಿತ್ತು. ವಿಭಾಗಗಳ ನಡುವಣ ಗೋಡೆಗಳನ್ನು ತೆರವುಗೊಳಿಸದೆ ಕೇವಲ ಹೊಸ ಪದವಿಗಳನ್ನು ಸ್ಥಾಪಿಸುವ ವಿಶ್ವವಿದ್ಯಾನಿಲಯವು ಈ ವಿದ್ಯೆಯ ಹೆಸರನ್ನು ಪಡೆದೀತೇ ಹೊರತು ಫಲವನ್ನು ಪಡೆಯಲಾರದು.